ಮಗ್ಗದ ಮನೆಗೊಂದು ಹೆಡ್‌ಫೋನು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಂಗೀತ ಬರುವುದಿಲ್ಲ. ಆದರೆ ಕಿವಿಯ ವಿಷಯದಲ್ಲಿ ದೇವರು ನನಗೆ ಜಿಪುಣತನ ತೋರಿಸಿಲ್ಲ. ಕೊಳ್ಳೇಗಾಲದಲ್ಲಿ ನಾನು ಕೂಸಾಗಿದ್ದಾಗ ಕಿವಿ ಚುಚ್ಚಲು ಬಂದ ಅಕ್ಕಸಾಲಿ, “ಇಷ್ಟು ಅಗಲ ಇದ್ರೆ ಎಲ್ಲಿ ಚುಚ್ಚೋದು ಅಂತ ಹುಡುಕ್ಬೇಕಲ್ಲ ತಾಯಿ” ಎಂದು ನಮ್ಮಮ್ಮನಿಗೆ ಹೇಳಿದ್ದನಂತೆ. ಆ ಕಿವಿಗಳನ್ನು ಹೊತ್ತುಕೊಂಡೇ ನಾನು ಮದುವೆಯಾಗಿ ತಮಿಳು ಸೀಮೆಯ ಕಾರಮಡೈ ಹತ್ತಿರದ ಈ ನೇಕಾರರ ಬೀದಿಗೆ ಬಂದೆ. ಬಂದ ಮೇಲೆ ಗೊತ್ತಾಯಿತು, ಇಲ್ಲಿ ಕಿವಿ ದೊಡ್ಡದಿದ್ದರೂ ಅಷ್ಟೇ, ಸಣ್ಣದಿದ್ದರೂ ಅಷ್ಟೇ. ಕೇಳಿಸುವುದು ಒಂದೇ ಸದ್ದು.

ಮನೆಗೊಂದು ಕುಣಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುವುದರೊಳಗೆ ಬೀದಿಯ ಎರಡೂ ಕಡೆಯಿಂದ ಕಟಕ್-ಪಟಕ್ ಶುರುವಾದರೆ ಮತ್ತೆ ಅದು ನಿಲ್ಲುವುದು ಊಟಕ್ಕೆ. ಹಾಗಾಗಿ ನಮ್ಮ ಬೀದಿಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎರಡೂ ಒಂದೇ ಎತ್ತರದ ದನಿಯಲ್ಲಿ. ಇಲ್ಲಿಯ ಕನ್ನಡವನ್ನು ಆಡುವವರೇ ಹೊರತು ಓದುವವರು ಹೆಚ್ಚಿಲ್ಲ. ನಾನು ತವರಿನಿಂದ ತಂದ ವಾರಪತ್ರಿಕೆ ಹಿಡಿದು ಕೂತರೆ ನಮ್ಮತ್ತೆ, “ಏನು ಕಣ್ಣು, ಆ ಜಿಲೇಬಿ ಎಲ್ಲಾ ತಿಂದು ಮುಗಿಸಿದ್ಯಾ?” ಎಂದು ಕೇಳುತ್ತಾರೆ. ಕಣ್ಣು ಎಂದರೆ ಇಲ್ಲಿ ಮುದ್ದಿನ ಕರೆ. ಜಿಲೇಬಿ ಎಂದರೆ ನಮ್ಮ ಕನ್ನಡದ ಅಕ್ಷರ.

ಇಂಥ ಮನೆಗೆ ಹೆಡ್‌ಫೋನು ಬಂದ ಕಥೆ ಇದು. ಹೆಡ್‌ಫೋನನ್ನು ನಾನು ಈಗಲೂ ಮೆಚ್ಚುತ್ತೇನೆ. ಗಲಾಟೆಯ ನಡುವೆ ಕೂತವನ ಕಿವಿಗೆ ಮಾತ್ರ ಒಂದು ಸಂಗೀತ ಕಛೇರಿಯನ್ನೇ ತಂದುಕೊಡುವ ಆ ಸಾಮಾನು ಕಂಡುಹಿಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಒಬ್ಬರಿಗೇ ಕೇಳಿಸುವ ಸದ್ದು ನಮಗೆ ಹೊಸದೇನೂ ಅಲ್ಲ ಅನ್ನಿ. ಮಗುವಿಗೆ ಹೆಸರಿಡುವಾಗ ಊರಿಗೆಲ್ಲ ಊಟ ಹಾಕಿದರೂ ಹೆಸರನ್ನು ಮೊದಲು ಉಸುರುವುದು ಮಗುವಿನ ಕಿವಿಯೊಳಗೇ. ಗುರುಗಳು ಉಪದೇಶ ಕೊಡುವಾಗ ತಲೆಯ ಮೇಲೆ ಶಾಲು ಮುಚ್ಚಿ, ಕಿವಿಗೆ ಬಾಯಿ ಇಟ್ಟು ಹೇಳುತ್ತಾರೆ. ಜೀವನದಲ್ಲಿ ಮುಖ್ಯವಾದದ್ದನ್ನು ಕಿವಿಯ ಹತ್ತಿರ ಬಂದೇ ಹೇಳಬೇಕು ಎಂದು ನಮ್ಮ ಹಿರಿಯರಿಗೆ ತಿಳಿದಿತ್ತು. ಅದಕ್ಕೆ ವೈರು ಜೋಡಿಸುವ ಯೋಚನೆ ಮಾತ್ರ ಬಂದಿರಲಿಲ್ಲ.

ನನ್ನ ಮೈದುನ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾನೆ. ಅಲ್ಲಿಗೆ ಬನಿಯನ್ ಕೊಳ್ಳಲು ಬಂದ ವಿದೇಶದ ವ್ಯಾಪಾರಿಯೊಬ್ಬ ಹೋಗುವಾಗ ಇವನಿಗೆ ತನ್ನ ವಾಕ್‌ಮನ್ ಕೊಟ್ಟುಹೋದ. ಕೈಯಗಲದ ಟೇಪು, ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು. ಮೈದುನ ಅದನ್ನು ಬಸ್ಸಿನಲ್ಲಿ ಕೇಳಿ ಕೇಳಿ, ಕೊನೆಗೆ ಅದರ ಹೆಡ್‌ಫೋನಿನ ಮೇಲೆ ತಾನೇ ಕೂತು ಮುರಿದು, ಬರೀ ಪೆಟ್ಟಿಗೆಯನ್ನು ಅಣ್ಣನ ಕೈಗಿಟ್ಟ. “ಅಣ್ಣಾ, ಇದ ನೀ ಇಟ್ಕೋ. ಕಿವೀದು ಮಾತ್ರ ನೀನೇ ನೋಡ್ಕೋ.” ಜೊತೆಗೆ ಒಂದು ಕ್ಯಾಸೆಟ್ಟು. ಅದರ ಒಂದು ಬದಿಯಲ್ಲಿ ನಾದಸ್ವರದ ಆಲಾಪನೆ, ನಿಧಾನ, ತಾಳವಿಲ್ಲದೆ ತೇಲುವಂಥದ್ದು. ಇನ್ನೊಂದು ಬದಿಯಲ್ಲಿ ತವಿಲ್ ಎಂಬ ಡೋಲು, ಮೊದಲಿನಿಂದ ಕೊನೆಯವರೆಗೆ ಗುಡುಗು.

ನಮ್ಮೆಜಮಾನರಿಗೆ ನಾದಸ್ವರ ಎಂದರೆ ಪ್ರಾಣ. ಯಾರದೋ ಮನೆಯ ಮದುವೆಗೆ ಹೋದರೂ ಊಟದ ಪಂಕ್ತಿಗೆ ಬಾರದೆ ಮೇಳದವರ ಎದುರು ಕೂತುಬಿಡುವವರು. ಅವರ ಕೈಗೆ ಕ್ಯಾಸೆಟ್ಟೂ ಪೆಟ್ಟಿಗೆಯೂ ಬಂದು, ಕೇಳುವ ಸಾಧನ ಮಾತ್ರ ಇಲ್ಲದಿದ್ದರೆ ಅದೆಂಥ ಸಂಕಟ! ಮಾರನೆಯ ಬೆಳಿಗ್ಗೆಯೇ ನಾವಿಬ್ಬರೂ ಪೇಟೆಗೆ ಹೋಗುವ ಗಾಂಧಿಪುರಂ ಬಸ್ಸಿನಲ್ಲಿದ್ದೆವು.

ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯ ಆ ಅಂಗಡಿಯವನನ್ನು ನಾನು ಮರೆಯುವ ಹಾಗಿಲ್ಲ. ರೇಡಿಯೋ, ಕ್ಯಾಸೆಟ್ಟು, ಟಾರ್ಚಿನ ಬಲ್ಬು ಎಲ್ಲ ಇರುವ ಸಣ್ಣ ಅಂಗಡಿ. ಆದರೆ ಅವನು ಸಾಮಾನು ಮಾರುತ್ತಿರಲಿಲ್ಲ, ವೈದ್ಯ ಮಾಡುತ್ತಿದ್ದ. ಹೆಡ್‌ಫೋನು ಬೇಕು ಎಂದ ಕೂಡಲೆ ಕಪಾಟಿನ ಕಡೆ ತಿರುಗಲಿಲ್ಲ. ನಮ್ಮನ್ನು ಸ್ಟೂಲಿನ ಮೇಲೆ ಕೂರಿಸಿ, ನಾಡಿ ಹಿಡಿಯುವವನ ಹಾಗೆ ಮುಖ ನೋಡಿ ತಮಿಳಿನಲ್ಲಿ ಕೇಳಿದ, “ಎನ್ನ ಪಾಟ್ಟು ಕೇಪ್ಪೀಂಗಣ್ಣಾ?” ಯಾವ ಹಾಡು ಕೇಳುತ್ತೀರಿ? ನಾದಸ್ವರ, ಎಂದರು ಇವರು. ಅವನು ಮೆಚ್ಚಿ ತಲೆದೂಗಿದ. ಆಮೇಲೆ ಎರಡನೆಯ ಪ್ರಶ್ನೆ. ಎಲ್ಲಿ ಕೂತು ಕೇಳುತ್ತೀರಿ? ಬಸ್ಸಿನಲ್ಲೋ, ಕೆಲಸದ ಜಾಗದಲ್ಲೋ, ಮನೆಯಲ್ಲೋ?

“ವೀಟ್ಲದಾನುಂಗ,” ಎಂದರು ಇವರು. ಮನೆಯಲ್ಲೇ.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ನೇಕಾರನಿಗೆ ಮನೆ ಬೇರೆ, ಕೆಲಸದ ಜಾಗ ಬೇರೆ ಎಂದು ಇರುತ್ತದೆಯೇ? ಮಗ್ಗದ ಗುಂಡಿ ಇರುವುದೇ ನಡುಮನೆಯಲ್ಲಿ. ಮಕ್ಕಳು ಹುಟ್ಟುವುದು, ನೆಂಟರು ಮಲಗುವುದು, ಸೀರೆ ನೇಯುವುದು ಎಲ್ಲ ಒಂದೇ ಸೂರಿನಡಿ. ಪಕ್ಕದಲ್ಲಿದ್ದ ನನಗೂ ಆ ಉತ್ತರದಲ್ಲಿ ಏನೂ ಕೊರತೆ ಕಾಣಲಿಲ್ಲ. ಆದರೆ ಅಂಗಡಿಯವನ ಕಣ್ಣಿಗೆ ಮನೆ ಎಂದರೆ ಈಸಿಚೇರು, ಫ್ಯಾನು, ಮಧ್ಯಾಹ್ನದ ನಿಶ್ಶಬ್ದ. ಆ ಚಿತ್ರಕ್ಕೆ ತಕ್ಕ ಔಷಧಿಯನ್ನೇ ಅವನು ಕೊಟ್ಟ. ಕಪ್ಪು ರೆಕ್ಸಿನ್ನಿನ ದಪ್ಪ ಮೆತ್ತೆ, ಹೋಳಿಗೆಯಷ್ಟು ಅಗಲದ ಎರಡು ಮುಚ್ಚಳ, ಟೆಲಿಫೋನಿನದರ ಹಾಗೆ ಸುರುಳಿ ಸುರುಳಿ ವೈರು. ಅದರ ದೊಡ್ಡ ಪಿನ್ನು ವಾಕ್‌ಮನ್ನಿಗೆ ಹೊಂದುವಂತೆ ಒಂದು ಚಿಕ್ಕ ಪಿನ್ನನ್ನೂ ಜೋಡಿಸಿಕೊಟ್ಟ. ಇವರು ಹಾಕಿಕೊಂಡರು. ಮುಖದ ಗಂಟುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ನಾನು ಏನೋ ಕೇಳಿದೆ, ಉತ್ತರವಿಲ್ಲ. ಹೊರಗಿನ ಗಾಂಧಿಪುರಂ ಇಡೀ, ಬಸ್ಸಿನ ಹಾರ್ನು ಕಂಡಕ್ಟರರ ಕೂಗು ಸಮೇತ, ಅವರ ಪಾಲಿಗೆ ಮಾಯವಾಗಿತ್ತು. “ಮೇಳದೋರು ತಲೇ ಒಳಗೇ ಕೂತವ್ರೆ!” ಎಂದು ಅವರು ಮಗ್ಗದ ದನಿಯಲ್ಲಿ ಕೂಗಿದಾಗ ಎದುರಿನ ಜವಳಿ ಅಂಗಡಿಯ ಬಾಗಿಲಲ್ಲಿದ್ದವರೂ ತಿರುಗಿ ನೋಡಿದರು.

ಅಂಗಡಿಯವನು ನನ್ನನ್ನೂ ಬಿಡಲಿಲ್ಲ. ನೀವೇನು ಕೇಳುತ್ತೀರಿ ಅಕ್ಕಾ ಎಂದ. ಕುಕ್ಕರಿನ ಕೂಗು ಕೇಳುತ್ತೇನೆ, ಹಾಲಿನವನ ಸೈಕಲ್ ಗಂಟೆ ಕೇಳುತ್ತೇನೆ, ಎಂದೆ. ಅವನು ನಗದೆ, ಗಂಭೀರವಾಗಿ, ತೆಳುವಾದ ತಂತಿಯ ತುದಿಗಳಲ್ಲಿ ಕಿತ್ತಳೆ ಬಣ್ಣದ ಸ್ಪಂಜಿನ ಬಿಲ್ಲೆಗಳಿದ್ದ ಪುಟ್ಟದೊಂದನ್ನು ತೆಗೆದುಕೊಟ್ಟ. ಇದು ಹಾಕಿಕೊಂಡರೆ ಹಾಡೂ ಕೇಳುತ್ತದೆ, ಕುಕ್ಕರೂ ಕೇಳುತ್ತದೆ, ಅಂದ. ಎಂಥ ಮನುಷ್ಯ! ನನಗೆ ಸೀರೆ ಆರಿಸಿಕೊಡುವವರು ಕೂಡ ಇಷ್ಟು ವಿಚಾರಿಸಿ ಆರಿಸಿದ್ದಿಲ್ಲ. ಅದೂ ಮನೆಗೆ ಬಂತು.

ಹೀಗೆ ಎರಡು ಹೆಡ್‌ಫೋನುಗಳ ಒಡೆಯರಾಗಿ ನಾವು ಬೀದಿಗೆ ಕಾಲಿಟ್ಟದ್ದು ದೊಡ್ಡ ಸುದ್ದಿ. ಟೇಪ್ ರೆಕಾರ್ಡರ್ ಇದ್ದ ಮನೆ ಕೂಡ ನಮ್ಮ ಬೀದಿಯಲ್ಲಿ ಇರಲಿಲ್ಲ. ರೇಡಿಯೋವೇ ಎಲ್ಲರಿಗೂ ಗತಿ. ಬಂದವರೆಲ್ಲ ಹಾಕಿಕೊಂಡು ನೋಡಿದರು. ಆಗ ನನಗೊಂದು ವಿಷಯ ಹೊಳೆಯಿತು. ಇದನ್ನು ಮಾಡಿದವರು ನಮ್ಮ ಹೆಂಗಸರ ತಲೆಯನ್ನು ಒಂದು ಸಲವೂ ನೋಡಿಲ್ಲ. ತುರುಬಿದ್ದರೆ ಪಟ್ಟಿ ಹಿಂದಕ್ಕೆ ಜಾರುತ್ತದೆ. ಹೂ ಮುಡಿದಿದ್ದರೆ ಕನಕಾಂಬರ ನಲುಗುತ್ತದೆ. ಇನ್ನು ನಮ್ಮತ್ತೆಯ ಕಿವಿಯಲ್ಲಿ ಕೆಂಪುಕಲ್ಲಿನ ದಪ್ಪ ಓಲೆ. ಮುಚ್ಚಳ ಒತ್ತಿದರೆ ಓಲೆಯ ತಿರುಪು ಕಿವಿಯ ಹಿಂದೆ ಚುಚ್ಚುತ್ತದೆ. ಮಗ ಎಷ್ಟು ಒತ್ತಾಯ ಮಾಡಿದರೂ ಅವರು ಓಲೆ ಬಿಚ್ಚಲಿಲ್ಲ. “ಹಾಡು ಕೇಳಕ್ಕೆ ಓಲೆ ಬಿಚ್ಚಬೇಕಾ? ಆ ಹಾಡೇ ನಂಗೆ ಬ್ಯಾಡ, ಪೋ!” ಕಣ್ಣಿಗೆ ಪೊರೆ ಬಂದು ಮಸುಕಾಗಿದ್ದರೂ, ಎಲೆ ಅಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು ಜಗಲಿಯ ಕಂಬಕ್ಕೆ ಒರಗಿ ಕೂತೇ ಅವರು ಇಡೀ ಮನೆ ಆಳುತ್ತಿದ್ದರು.

ಅದೇ ಸಮಯಕ್ಕೆ ನನ್ನ ನಾದಿನಿಯ ಮಗಳು ಸರಸುವಿನ ಮದುವೆ ಗೊತ್ತಾಗಿತ್ತು. ನಾದಿನಿಯನ್ನು ಕೊಟ್ಟಿರುವುದು ಕಿಣತ್ತುಕಡವಿಗೆ. ಅವರದು ಬೇಸಾಯದ ಮನೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಹುಡುಗಿ ಧಾರೆಗೆ ಉಡುವ ಸೀರೆಯನ್ನು ಸೋದರಮಾವ ತನ್ನ ಕೈಯಾರೆ ನೇಯಬೇಕು. ಅಂಗಡಿಯಿಂದ ತರುವಂತಿಲ್ಲ, ಬೇರೆಯವರ ಮಗ್ಗದಲ್ಲಿ ನೇಯಿಸುವಂತಿಲ್ಲ. ಮಗ್ಗಕ್ಕೆ ಅರಿಸಿನ ಕುಂಕುಮ ಹಚ್ಚಿ ಉದ್ದೆಳೆಗಳ ಹಾಸು ಏರಿಸಿದ ಮೇಲೆ, ಅದು ಮುಗಿಯುವವರೆಗೆ ನಡುವೆ ಕತ್ತರಿ ತಾಗಿಸುವಂತೆಯೂ ಇಲ್ಲ. ಸರಸು ನಮ್ಮೆಜಮಾನರ ಭುಜದ ಮೇಲೆ ಬೆಳೆದ ಹುಡುಗಿ. ಸೀರೆಯ ಕುಂಕುಮದ ಬಣ್ಣದ ಮೈಗೆ ಹಸಿರು ಅಂಚು, ಅಂಚಿಗೆ ಜರಿ. ಇವರು ಮಗ್ಗಕ್ಕೆ ಇಳಿದರು. ಸೊಂಟದಲ್ಲಿ ವಾಕ್‌ಮನ್, ತಲೆಯ ಮೇಲೆ ಕಪ್ಪು ಮುಚ್ಚಳದ ಹೆಡ್‌ಫೋನು.

ಆ ದಿನಗಳ ಸೊಗಸನ್ನು ಏನೆಂದು ಹೇಳಲಿ! ನಾನು ಪಕ್ಕದಲ್ಲಿ ಕೂತು ರಾಟೆ ತಿರುಗಿಸಿ, ಲಾಳಿಯೊಳಗಿಡುವ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದೆ. ಇವರ ಮುಖ ನೋಡಿದರೆ ಯಾವುದೋ ದೇವಸ್ಥಾನದ ಪ್ರಾಕಾರದಲ್ಲಿ ಕೂತವರ ಹಾಗೆ. ಊಟಕ್ಕೆ ಕರೆದರೆ ಕೇಳಿಸುತ್ತಿರಲಿಲ್ಲ. ಮಗ್ಗದ ಮೇಲಿನ ಬಲ್ಬನ್ನು ಆರಿಸಿ ಹೊತ್ತಿಸಿದರೆ ಊಟ ಎಂದು ಅರ್ಥ. ಕ್ಯಾಸೆಟ್ಟಿನ ಒಂದು ಬದಿ ಮುಗಿದರೆ ಇನ್ನೊಂದು ಬದಿ, ಅದು ಮುಗಿದರೆ ಮತ್ತೆ ಮೊದಲನೆಯದು. ಸಂಗೀತದ ರುಚಿ ಎಂದರೆ ಬಗೆಬಗೆಯದನ್ನು ಕೇಳುವುದು ಅನ್ನುತ್ತಾರೆ. ಇವರದು ಮೊಸರನ್ನದ ರುಚಿ. ದಿನಾ ಅದೇ, ದಿನಾ ಹೊಸದು.

ಮಗ್ಗದ ಸದ್ದು ಕೂಡ ಬದಲಾಯಿತು. ಮೊದಲು ಜಗಲಿಯಲ್ಲಿದ್ದ ಅತ್ತೆಯೇ ಅದನ್ನು ಗಮನಿಸಿದ್ದು. “ಏನ್ ಕಣ್ಣು, ನಮ್ಮ ರಂಗನ ಮಗ್ಗ ಇವತ್ತು ಆಡ್ತಾ ಇದೆಯಲ್ಲ!” ನಿಜ. ಒಮ್ಮೆ ಉಯ್ಯಾಲೆಯಂತೆ ನಿಧಾನವಾಗಿ ಹೋಗುವುದು, ಒಮ್ಮೆ ತವಿಲಿನ ಹಾಗೆ ಓಡುವುದು. ಅತ್ತೆ ತೊಡೆಯ ಮೇಲೆ ತಾಳ ಹಾಕತೊಡಗಿದರು. ಎದುರುಮನೆಯ ಮುರುಗಣ್ಣ ತನ್ನ ಮಗ್ಗ ನಿಲ್ಲಿಸಿ ಬಂದು ನಿಂತು ಕೇಳಿ, “ರಂಗಣ್ಣಾ, ಮಗ್ಗಕ್ಕೆ ಎಣ್ಣೆ ಏನ್ ಹಾಕ್ದೆ?” ಎಂದು ಹೊಟ್ಟೆಕಿಚ್ಚು ಪಟ್ಟ. ನಾನೂ ಹೆಮ್ಮೆಯಿಂದ ಕಂಡಿಕೆ ಸುತ್ತಿದೆ. ತಲೆತಲಾಂತರದಿಂದ ನೇಯ್ದುಕೊಂಡು ಬಂದ ಬೀದಿ. ಆ ಸದ್ದಿನ ಅರ್ಥ ಏನೆಂದು ಒಬ್ಬರಿಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ಅಷ್ಟು ಚೆನ್ನಾಗಿತ್ತು ಅದು.

ಸೀರೆ ಅರ್ಧ ದಾಟಿದಾಗ ಸರಸು ನೋಡಲು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ನಗು ಒಳಗೆ ಬರುವ ಹುಡುಗಿ. ಮಾವ ಹೆಮ್ಮೆಯಿಂದ ಹೆಡ್‌ಫೋನು ಕುತ್ತಿಗೆಗೆ ಇಳಿಸಿ, ನೇಯ್ದ ಬಟ್ಟೆ ಸುತ್ತಿಕೊಂಡಿದ್ದ ಮರವನ್ನು ಸಡಿಲಿಸಿ, ಸೀರೆಯನ್ನು ಮೊಳ ಮೊಳವಾಗಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ಸರಸು ಬಗ್ಗಿ ನೋಡಿದಳು. ನಗು ಸ್ವಲ್ಪ ನಿಂತಿತು.

“ಮಾಮಾ, ಇಲ್ಲಿ ಜಾಳು. ಇಲ್ಲಿ ಗಟ್ಟಿ. ಮತ್ತೆ ಜಾಳು, ಮತ್ತೆ ಗಟ್ಟಿ. ಇದೇನು, ಹೊಸ ಡಿಸೈನಾ?”

ಇವರು ನೋಡಿದರು. ನಾನೂ ನೋಡಿದೆ. ಆಲಾಪನೆ ನಡೆದಷ್ಟು ಹೊತ್ತು ಎಳೆ ಒತ್ತುವ ಕೈ ಮೆಲ್ಲಗೆ ಬಿದ್ದು ನೇಯ್ಗೆ ಸಡಿಲವಾಗಿತ್ತು. ಆಚೆಯ ಬೆಳಕು ಹಾಯುತ್ತಿತ್ತು. ತವಿಲ್ ನಡೆದಷ್ಟು ಹೊತ್ತು ಕೈ ರಭಸದಿಂದ ಬಿದ್ದು ಎಳೆಗಳು ಒತ್ತಿಕೊಂಡು ಹಲಗೆಯ ಹಾಗಾಗಿದ್ದವು. ಅರ್ಧ ಸೀರೆಯ ಉದ್ದಕ್ಕೂ, ಕ್ಯಾಸೆಟ್ಟು ತಿರುಗಿಸಿ ಹಾಕಿದ ಕಡೆಯೆಲ್ಲ ಒಂದೊಂದು ಪಟ್ಟೆ. ನೇಕಾರ ನೇಯುವುದು ಕೈಯಿಂದ ಎಂದು ಜನ ತಿಳಿದಿದ್ದಾರೆ. ಅಲ್ಲ, ಕಿವಿಯಿಂದ. ತನ್ನ ಪೆಟ್ಟಿನ ಸದ್ದು ತನಗೆ ಕೇಳುತ್ತಿದ್ದರೆ ಕೈ ತಾನಾಗಿ ಹದಕ್ಕೆ ಬರುತ್ತದೆ. ಆ ಕಪ್ಪು ಮುಚ್ಚಳಗಳು ಇವರ ಮಗ್ಗವನ್ನು ಇವರಿಂದಲೇ ಮುಚ್ಚಿಟ್ಟಿದ್ದವು. ಅಂಗಡಿಯವನದು ತಪ್ಪಲ್ಲ, ಹೆಡ್‌ಫೋನಿನದಂತೂ ಅಲ್ಲವೇ ಅಲ್ಲ. ಅದು ತನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿತ್ತು.

ಇವರು ಗುಂಡಿಯ ಅಂಚಿನಲ್ಲಿ ಕೂತುಬಿಟ್ಟರು. ಇವರು ನೇಯ್ದ ಒಂದು ಸೀರೆ ಕೂಡ ಹದ ತಪ್ಪಿದೆ ಎಂದು ವಾಪಸು ಬಂದದ್ದಿಲ್ಲ. ಈಗ ಮನೆಯ ಹುಡುಗಿಯ ಧಾರೆ ಸೀರೆಯೇ ಹೀಗಾಯಿತು. ಅಷ್ಟನ್ನೂ ಬಿಚ್ಚಿ ಮತ್ತೆ ನೇಯಲಾಗಲಿ, ಹೊಸದಾಗಿ ಹಾಸು ಹಾಕಿ ನೇಯಲಾಗಲಿ ಮದುವೆಗೆ ಮುಂಚೆ ಸಮಯವಿಲ್ಲ. “ಗಾಂಧಿಪುರಕ್ಕೆ ಹೋಗಿ ಒಳ್ಳೇದೊಂದು ತಂದ್ಬಿಡ್ತೀನಿ ಕಣ್ಣು,” ಎಂದರು. ಸೋದರಮಾವನ ಬಾಯಲ್ಲಿ ಆ ಮಾತು ಬಂದಾಗ ಜಗಲಿಯಲ್ಲಿ ಅಡಿಕೆ ಕತ್ತರಿಸುವ ಸದ್ದು ನಿಂತಿತು.

ಸರಸು ಮಾವನ ಕುತ್ತಿಗೆಯಿಂದ ಹೆಡ್‌ಫೋನು ತೆಗೆದು ತಾನು ಹಾಕಿಕೊಂಡಳು. ಜಡೆಯ ಹೂ ನಲುಗಿದ್ದಕ್ಕೂ ಚಿಂತಿಸಲಿಲ್ಲ. ಸ್ವಲ್ಪ ಕೇಳಿದಳು. ಕ್ಯಾಸೆಟ್ಟು ತಿರುಗಿಸಿ ಹಾಕಿ ಇನ್ನೊಂದು ಬದಿಯನ್ನೂ ಕೇಳಿದಳು. ಕೇಳುತ್ತಾ ಸೀರೆಯ ಮೇಲೆ ಬೆರಳಾಡಿಸಿದಳು. ನಗು ವಾಪಸು ಬಂತು.

“ಮಾಮಾ, ಇದು ನಾಯನ, ನಿಮ್ಮ ನಾದಸ್ವರ. ಇದು ತವಿಲು. ಮೇಳನೇ ಸೀರೇ ಒಳಗೆ ನೇಯ್ದಿದ್ದೀರ! ನಂಗೆ ಇದೇ ಬೇಕು, ಬೇರೆ ಒಲ್ಲೆ.”

“ಚುಮ್ಮಾ ಇರು. ನಿನ್ನ ಅತ್ತೆ ಮನೇವ್ರು ನಗ್ತಾರೆ.”

“ಒಂದೇ ಥರ ಇದ್ರೆ ಡಿಸೈನು ಅಂತಾರೆ. ಅರ್ಧ ಪಟ್ಟೆ, ಅರ್ಧ ಬೋಳು ಆದ್ರೆ ನಗ್ತಾರೆ. ಅದಕ್ಕೇ ಹೇಳ್ತಿರೋದು, ಕೊನೇತನಕ ಹಿಂಗೇ ಬರಬೇಕು. ಆಯ್ತಾ?”

ಹುಡುಗಿ ಅಷ್ಟು ಹೇಳಿ, ಅಜ್ಜಿಯ ಎಲೆಚೀಲದಿಂದ ಒಂದು ಚೂರು ಅಡಿಕೆ ಕದ್ದು, ಬಸ್ಸಿಗೆ ಹೋದಳು. ಜೀವನವಿಡೀ ಹದ ತಪ್ಪದಂತೆ ನೇಯ್ದವರು ಈಗ ಹದ ತಪ್ಪಿದ್ದನ್ನೇ ತಪ್ಪದಂತೆ ನೇಯಬೇಕಿತ್ತು. ನಿಮಗೆ ನಗು ಬರಬಹುದು. ಆಗ ನಮಗೆ ಬರಲಿಲ್ಲ. ಉಳಿದ ಮೈ ಅದೇ ಪಟ್ಟೆಗಳಲ್ಲಿ ಮುಗಿಯದಿದ್ದರೆ ಹುಡುಗಿ ನಾಲ್ಕು ಜನರ ಮುಂದೆ ಅರೆಬರೆ ಸೀರೆ ಉಟ್ಟು ಕೂರಬೇಕು, ಇಲ್ಲವೇ ಪದ್ಧತಿ ಮುರಿದು ಅಂಗಡಿ ಸೀರೆ ಉಡಬೇಕು.

ಇವರು ಮತ್ತೆ ಮುಚ್ಚಳ ಏರಿಸಿ ಕೂತರು. ಸ್ವಲ್ಪ ದೂರ ಸರಿಯಾಗಿಯೇ ಹೋಯಿತು. ಆಮೇಲೆ ಒಂದು ಬೆಳಿಗ್ಗೆ, ತವಿಲಿನ ರಭಸದಲ್ಲಿ, ಆ ಸುರುಳಿ ವೈರು ಜಾರಿ ಗುಂಡಿಗೆ ಬಿದ್ದು, ಕಾಲ ಕೆಳಗಿನ ತುಳಿಹಲಗೆಗೆ ಸಿಕ್ಕಿಕೊಂಡಿತು. ಒಂದು ತುಳಿತ. ವೈರು ಮುಚ್ಚಳದ ಬುಡದಲ್ಲೇ ಕಿತ್ತುಬಂತು. ನಾನೇ ಅದನ್ನು ಚೀಲದಲ್ಲಿ ಹಾಕಿಕೊಂಡು ಗಾಂಧಿಪುರಕ್ಕೆ ಓಡಿದೆ. ಅಂಗಡಿಯವನು ಸತ್ತ ಹಕ್ಕಿಯನ್ನು ಹಿಡಿಯುವಂತೆ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದ. ಇಂಥ ವೈರು ಮದರಾಸಿನಿಂದ ಬರಬೇಕು ಅಕ್ಕಾ ಎಂದ. ಬರುವುದರೊಳಗೆ ಮದುವೆಯೇ ಮುಗಿದಿರುತ್ತಿತ್ತು. ಮಗ್ಗದಲ್ಲಿ ಕೂತು ಕೇಳುತ್ತಿದ್ದರು ಎಂದು ತಿಳಿದಾಗ ಅವನು ಹಣೆ ಚಚ್ಚಿಕೊಂಡ. ಮೊದಲೇ ಹೇಳಬಾರದಿತ್ತೇ, ಮಗ್ಗಕ್ಕೆ ನಿಮ್ಮ ಸ್ಪಂಜಿನದೇ ಸರಿಯಲ್ಲವೇ, ಎಂದ.

ಅದು ಎಷ್ಟು ಸರಿ ಎಂಬುದು ಅಂದೇ ಗೊತ್ತಾಯಿತು. ಬೇರೆ ದಾರಿ ಕಾಣದೆ ಇವರು ನನ್ನ ಕಿತ್ತಳೆ ಸ್ಪಂಜನ್ನು ತಲೆಗೇರಿಸಿ ನೇಯತೊಡಗಿದರು. ನಾದಸ್ವರವೂ ಕೇಳಿತು, ಮಗ್ಗವೂ ಕೇಳಿತು. ಮಗ್ಗ ಕೇಳಿದ ಕೂಡಲೆ ಕೈ ಹದಕ್ಕೆ ಬಂದುಬಿಟ್ಟಿತು. ಹಾಡು ಓಡಲಿ, ನಿಲ್ಲಲಿ, ನೇಯ್ಗೆ ಮಾತ್ರ ಕನ್ನಡಿಯ ಹಾಗೆ. ಪಟ್ಟೆ ಎಂಬುದೇ ಇಲ್ಲ. ಇಂಥ ಚೆಂದದ ನೇಯ್ಗೆ ನೋಡಿ ಗಂಡ ಹೆಂಡತಿ ತಲೆಯ ಮೇಲೆ ಕೈ ಹೊತ್ತು ಕೂತದ್ದು ನಮ್ಮ ಬೀದಿಯಲ್ಲಿ ಅದೇ ಮೊದಲಿರಬೇಕು. ಅಂದು ನೇಯ್ದಷ್ಟನ್ನೂ ಒಂದೊಂದೇ ಎಳೆಯಾಗಿ ಬಿಚ್ಚಿದೆವು.

“ಬೇಕು ಅಂತ ತಪ್ಪು ನೇಯಕ್ಕೆ ಆಯ್ತಾ ಇಲ್ಲ ಇವಳೇ,” ಎಂದರು ಇವರು. ಅವರ ದನಿ ಅಷ್ಟು ಸಣ್ಣಗೆ ಬಂದದ್ದನ್ನು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಜಗಲಿಯಿಂದ ಅತ್ತೆ ಎದ್ದು ಗೋಡೆ ಹಿಡಿದುಕೊಂಡು ಒಳಗೆ ಬಂದರು. ಬರುವಾಗ ಅಡಿಗೆಮನೆಯಿಂದ ಹಿತ್ತಾಳೆಯ ಚೊಂಬೊಂದನ್ನು ತಂದಿದ್ದರು. ಗುಂಡಿಯ ಪಕ್ಕ, ಮಗನ ಕಿವಿಯ ಮಗ್ಗುಲಿಗೇ ಕಾಲು ಚಾಚಿ ಕೂತು, ಚೊಂಬನ್ನು ಬೋರಲು ಹಾಕಿ, “ಯಾವ ಬದೀದು ನಿಂತಿತ್ತು? ನಿಧಾನದ್ದಾ, ಓಡೋದಾ?” ಎಂದರು.

“ಅಮ್ಮಾ, ನೀನೇನು ಮಾಡ್ತೀಯ? ಆ ಟೇಪು ನೀ ಕೇಳೇ ಇಲ್ವಲ್ಲ.”

“ಟೇಪು ಕೇಳಿಲ್ಲ ಕಣೋ, ಮಗ್ಗ ಕೇಳಿದ್ದೀನಲ್ಲ. ಇಷ್ಟು ದಿನ ಜಗಲೀಲಿ ಏನು ಮಣ್ಣು ತಿಂತಾ ಇದ್ನಾ? ಹಾಕು ಲಾಳಿ.”

ಲಾಳಿ ಹೊರಟಿತು. ಅತ್ತೆ ಚೊಂಬಿನ ಮೇಲೆ ಬೆರಳ ಉಂಗುರದಿಂದ ತಟ್ಟುತ್ತಾ, ಮಗ್ಗದ ಸದ್ದನ್ನೇ ಬಾಯಲ್ಲಿ ಹೇಳತೊಡಗಿದರು. “ಕಟಕ್... ಪಟಕ್... ಹ್ಞಾಂ, ನಿಂತ್ಕೊ, ಅಲ್ಲಿ ಎಳೀತಾನೆ... ಕಟಕ್...” ಆಲಾಪನೆಯಲ್ಲಿ ವಾದ್ಯಗಾರ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದನೋ ಅಲ್ಲಿ ಅತ್ತೆಯೂ ನಿಲ್ಲುತ್ತಿದ್ದರು. ಅವರಿಗೆ ನಾದಸ್ವರ ಗೊತ್ತಿರಲಿಲ್ಲ. ನಾದಸ್ವರ ಕೇಳಿದ ಮಗನ ಕೈ ಗೊತ್ತಿತ್ತು. ತವಿಲಿನ ಬದಿ ಬಂದಾಗ ಚೊಂಬು ಕುಣಿಯಿತು. “ಕಟಕಟ ಪಟಕ್, ಕಟಕಟ ಪಟಕ್, ಓಡೋ ರಂಗಾ, ಮದ್ವೆ ಮನೇಲಿ ನಿಂತ್ಕೊಂಡು ನಿದ್ದೆ ಮಾಡ್ತೀಯಾ?” ಮಗ್ಗದ ಸದ್ದನ್ನು ಮೀರಿಸುವ ಒಂದೇ ದನಿ ನಮ್ಮ ಮನೆಯಲ್ಲಿತ್ತು. ಆ ದನಿ ಹೇಳಿದ್ದನ್ನು ಮೀರುವ ಅಭ್ಯಾಸ ಮಗನ ಕೈಗೆ ಎಂದೂ ಇರಲಿಲ್ಲ. ಸ್ವಲ್ಪ ನೇಯ್ದು ಬೆಳಕಿಗೆ ಹಿಡಿದು ನೋಡಿದರೆ, ಜಾಳು ಇರಬೇಕಾದಲ್ಲಿ ಜಾಳು, ಗಟ್ಟಿ ಇರಬೇಕಾದಲ್ಲಿ ಗಟ್ಟಿ!

ನಾನು ರಾಟೆ ನಿಲ್ಲಿಸಿ ಆ ಮುದುಕಿಯನ್ನು ನೋಡುತ್ತಾ ಕೂತುಬಿಟ್ಟೆ. ಅಲ್ಲಿಯವರೆಗೆ ನಾನು ಅವರ ಬೈಗುಳಕ್ಕೆ ಹೆದರಿದ್ದೆ, ಅಡಿಗೆಗೆ ತಲೆಬಾಗಿದ್ದೆ. ಬೆರಗಾದದ್ದು ಅದೇ ಮೊದಲು. “ನೋಡ್ತಾ ಕೂತ್ರೆ ಕಂಡಿಕೆ ಯಾರು ನಿಮ್ಮಪ್ಪ ಸುತ್ತಾನಾ?” ಎಂದರು, ಕಣ್ಣು ಸರಿಯಾಗಿ ಕಾಣದಿದ್ದರೂ.

ಸೆರಗಿನವರೆಗೂ ಹೀಗೇ ನಡೆಯಿತು. ಬೀದಿಯ ಹೆಂಗಸರು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ಕೂತು ಕೇಳಿದರು. ಎದುರುಮನೆಯ ಮುರುಗಣ್ಣ ತನ್ನ ಮಗ್ಗದಲ್ಲಿ ತನಗರಿಯದೆ ಅದೇ ತಾಳಕ್ಕೆ ನೇಯತೊಡಗಿ, ಹೆಂಡತಿಯಿಂದ ಬೈಸಿಕೊಂಡ.

ಮದುವೆ ಕಾರಮಡೈಯ ಒಂದು ಛತ್ರದಲ್ಲಿ. ಸರಸು ಆ ಸೀರೆ ಉಟ್ಟು ಹಸೆಮಣೆಯ ಮೇಲೆ ಕೂತಾಗ, ಬಾಗಿಲ ಬೆಳಕು ಬಿದ್ದು ಪಟ್ಟೆಗಳು ನೀರಿನ ಮೇಲಿನ ಅಲೆಗಳ ಹಾಗೆ ಕಂಡವು. ಬೀಗರ ಕಡೆಯ ಹೆಂಗಸೊಬ್ಬಳು ಸೆರಗನ್ನು ಬೆರಳಲ್ಲಿ ಹಿಡಿದು, ಇದು ಯಾವ ಅಂಗಡಿಯದು ಎಂದು ಕೇಳಿದಳು. ಸರಸು ತಲೆ ತಗ್ಗಿಸಿಕೊಂಡೇ, “ನಮ್ಮ ಮಾಮಂದು, ನಮ್ಮ ಅಜ್ಜೀದು,” ಎಂದಳು. ಗಟ್ಟಿಮೇಳ ಮೊಳಗಿತು. ಎಲ್ಲರೂ ಅಕ್ಷತೆ ಎಸೆಯುವಾಗ ಮುಂದಿನ ಸಾಲಿನಲ್ಲಿದ್ದ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ, “ತವಿಲ್‌ನೋನು ಓಡ್ತಾವ್ನೆ. ನಮ್ಮ ಮಗ್ಗನೇ ವಾಸಿ,” ಎಂದರು. ಹುಡುಗಿಯ ಸೆರಗು ಸರಿಮಾಡುವ ನೆಪದಲ್ಲಿ ನಾನು ಬೆರಳಾಡಿಸಿ ನೋಡಿದೆ. ಟೇಪಿನ ಪಟ್ಟೆಗಳು ಎಲ್ಲಿ ಮುಗಿದು ಅತ್ತೆಯ ಪಟ್ಟೆಗಳು ಎಲ್ಲಿ ಶುರುವಾದವೋ ಬೇರೆಯವರಿಗೆ ತಿಳಿಯದು. ನನಗೆ ಮಾತ್ರ ತಿಳಿಯಿತು. ಅತ್ತೆ ನಡುನಡುವೆ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಾಗ ಜಾಳು ಒಂದಿಷ್ಟು ಅಗಲವಾಗಿತ್ತು.

ಮದರಾಸಿನ ವೈರು ಬಂದು ಕಪ್ಪು ಹೆಡ್‌ಫೋನು ಮತ್ತೆ ಜೀವ ಪಡೆಯಿತು. ಈಗ ಅದು ಗೋಡೆಯ ಮೊಳೆಯಲ್ಲಿರುತ್ತದೆ. ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗಕ್ಕೆ ರಜೆ. ಅಂದು ಮಾತ್ರ ಕೆಳಗಿಳಿಯುತ್ತದೆ. ಮಿಕ್ಕ ದಿನಗಳಿಗೆ ಇವರ ತಲೆಯ ಮೇಲೆ ನನ್ನ ಕಿತ್ತಳೆ ಸ್ಪಂಜು. ನನ್ನದು ಹೋಯಿತು ಎಂದು ನಾನು ಗೊಣಗುವುದಿಲ್ಲ. ಕುಕ್ಕರಿನ ಕೂಗಿಗೆ ಹೆಡ್‌ಫೋನು ಯಾಕೆ? ಬೀದಿಯಲ್ಲಿ ಯಾರಾದರೂ ಹೆಡ್‌ಫೋನು ಕೊಳ್ಳಲು ಹೊರಟರೆ ಈಗ ನನ್ನನ್ನು ಕೇಳಿಯೇ ಹೋಗುತ್ತಾರೆ. ಗಾಂಧಿಪುರದ ಆ ವೈದ್ಯನ ಪ್ರಶ್ನೆಗಳನ್ನೇ ನಾನೂ ಕೇಳುತ್ತೇನೆ. ಯಾವ ಹಾಡು? ಎಲ್ಲಿ ಕೂತು? ಮೂರನೆಯದೊಂದನ್ನು ನಾನೇ ಸೇರಿಸಿಕೊಂಡಿದ್ದೇನೆ. ಅದನ್ನು ಹಾಕಿಕೊಂಡಿರುವಷ್ಟು ಹೊತ್ತು ಯಾರ ದನಿ ಕೇಳಿಸದಿದ್ದರೂ ನಿಮಗೆ ನಡೆಯುತ್ತದೆ? ಹೆಚ್ಚಿನವರು ಯೋಚಿಸಿ, ಕಿತ್ತಳೆ ಸ್ಪಂಜಿನದನ್ನೇ ತರುತ್ತಾರೆ.

ಮದುವೆ ಮುಗಿದ ಮೇಲೆ ಬಂದ ಮೊದಲ ಅಮಾವಾಸ್ಯೆ ಅದು. ತಲೆಸ್ನಾನಕ್ಕೆಂದು ಅತ್ತೆ ಓಲೆ ಬಿಚ್ಚಿಟ್ಟಿದ್ದರು. ಸ್ನಾನ ಮುಗಿಸಿ ಜಗಲಿಯಲ್ಲಿ ಕೂದಲು ಆರಿಸಿಕೊಳ್ಳುತ್ತಾ ಕೂತವರು, ತಾವಾಗಿಯೇ, “ಕೊಡು ಅದ, ಏನಿದೆಯೋ ನೋಡೋಣ,” ಎಂದರು. ಇವರು ಓಡಿಹೋಗಿ ಮೊಳೆಯಿಂದ ಹೆಡ್‌ಫೋನು ತಂದು, ಒದ್ದೆ ಕೂದಲ ಮೇಲೆ ಮೆಲ್ಲನೆ ಏರಿಸಿ, ವಾಕ್‌ಮನ್ನಿನ ಗುಂಡಿ ಒತ್ತಿದರು. ಬೀದಿ ನಿಶ್ಶಬ್ದವಾಗಿತ್ತು. ಅತ್ತೆ ಕಣ್ಣು ಮುಚ್ಚಿ ಒಂದು ಬದಿ ಪೂರ್ತಿ ಕೇಳಿದರು. ಮಗ ತಿರುಗಿಸಿ ಹಾಕಿದಾಗ ಇನ್ನೊಂದು ಬದಿಯನ್ನೂ ಕೇಳಿದರು. ಬೆರಳು ತೊಡೆಯ ಮೇಲೆ ಏನನ್ನೋ ಹುಡುಕುತ್ತಿತ್ತು. ಕೊನೆಗೆ ಮುಚ್ಚಳಗಳನ್ನು ಎತ್ತಿ, ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ನಿಂತಿದ್ದ ಮಗನ ಕಡೆ ಮುಖ ಮಾಡಿದರು.

“ಎಲ್ಲಾ ಚೆನ್ನಾಗೇ ಇದೆ ಕಣೋ ರಂಗಾ. ಮಗ್ಗ ಎಲ್ಲಿ?”